ಕಾದ ಕಡಲಿಗೆ ಇಳಿಸಿದವನು

"ಸಮುದ್ರ ಕಾದ್ರೆ ನಿನ್ನ ಕುಂಡಿ ಯಾಕೋ ಸುಡ್ತದೆ, ಬೇವರ್ಸಿ? ದೋಣಿ ಇಳಿಸು."

ಧಣಿ ಕುರ್ಚಿಯಿಂದ ಏಳಲಿಲ್ಲ. ಅವನ ದೋಣಿ ಓಡಿಸುತ್ತಿದ್ದ ನನ್ನಣ್ಣ ತಲೆ ತಗ್ಗಿಸಿ ನಿಂತಿದ್ದ. ನಾನು, ಅತ್ತಿಗೆ, ಉಳಿದ ಹೆಂಗಸರು ಪಕ್ಕದ ಶೆಡ್ಡಿನಲ್ಲಿ ಮೀನು ಆರಿಸುತ್ತಿದ್ದೆವು.

"ಧಣಿ, ಬಂದರಿನವ್ರು ಮೈಕಲ್ಲಿ ಕೂಗ್ತಾ ಹೋದ್ರು. ನೀರು ಯಾವತ್ತೂ ಇಲ್ದಷ್ಟು ಕಾದಿದೆಯಂತೆ. ಆ ಬಿಸಿಗೆ ಏಳೋ ಆವಿನೇ ಗಾಳಿಗೆ ಮೇವಂತೆ. ಸುಳಿಗಾಳಿ ಕಟ್ತಿದೆ, ಯಾರೂ ಇಳೀಬೇಡಿ ಅಂದ್ರು."

"ಬೇರೆಯವ್ರು ಇಳಿಯಲ್ಲ, ಅದಕ್ಕೇ ನೀನು ಇಳೀಬೇಕು. ನಾಳೆ ಮೀನಿಗೆ ನಾನು ಹೇಳಿದ್ದೇ ರೇಟು. ಆಗಲ್ವಾ? ಹೆಂಡ್ತಿ, ತಂಗೀನ ಕರ್ಕೊಂಡು ಈಗ್ಲೇ ಮನೆ ಖಾಲಿ ಮಾಡು."

ನಾವಿದ್ದ ತಗಡಿನ ಕೋಣೆಗಳ ಸಾಲು ಪೂರ್ತಿ ಅವನದೇ. ಅಣ್ಣ ಇನ್ನಿಬ್ಬರನ್ನು ಕರೆದುಕೊಂಡು ಹೊರಟ. ಸೊಂಟದ ನೀರಿನವರೆಗೆ ದೋಣಿ ತಳ್ಳಿ ಬಂದ ಅತ್ತಿಗೆ, "ಸ್ನಾನಕ್ಕೆ ಕಾಯಿಸಿಟ್ಟಂಗಿದೆ ಕಣೇ," ಎಂದಳು.

ದೂರದಲ್ಲಿ ಬರೀ ಮೋಡದ ಮುದ್ದೆಯಾಗಿದ್ದದ್ದು ಆ ಬಿಸಿ ನೀರಿನ ಮೇಲೆ ತೆವಳುತ್ತ, ಕುಡಿದು ಕುಡಿದು ಕೊಬ್ಬಿತು. ಮಾರನೆಯ ದಿನ ನಮ್ಮ ತಗಡುಗಳು ಕಾಗದದಂತೆ ಹಾರಿದವು. ಗಾಳಿ ನಿಂತ ಮೇಲೆ ಅಣ್ಣನ ದೋಣಿಯ ಒಂದು ಮಗ್ಗುಲು ಮಾತ್ರ ದಡಕ್ಕೆ ಬಂತು. ಅಣ್ಣ ಬರಲಿಲ್ಲ. ಆ ಇಬ್ಬರೂ ಬರಲಿಲ್ಲ.

ಬಂದರಿನ ಸಾಹೇಬ ವಿಚಾರಣೆಗೆ ಬಂದ. ಧಣಿ ಅವನಿಗೆ ಕುರ್ಚಿ ಹಾಕಿಸಿ ಕಣ್ಣೊರೆಸಿಕೊಂಡ.

"ಬೇಡ ಬೇಡ ಅಂತ ಬಡ್ಕೊಂಡೆ ಸಾರ್. ಕುಡಿದಿದ್ರು. ನಾನು ಅತ್ತ ಹೋದಾಗ ದೋಣಿ ಕದ್ಕೊಂಡು ಹೋದ್ರು, ಪಾಪ."

ಸಾಹೇಬ ಬರೆದುಕೊಂಡ. ನಾನು ಬಾಯಿ ತೆರೆದೆ.

"ಹಿಂದೆ ನಿಂತ್ಕೊಳ್ರಮ್ಮ, ವಾಸನೆ," ಎಂದು ಅವನು ಮೂಗಿಗೆ ಕರವಸ್ತ್ರ ಹಿಡಿದ.

ಅತ್ತಿಗೆ ಹಿಂದೆ ಸರಿದಳು. ಸರಿದವಳು ನಿಲ್ಲಲಿಲ್ಲ. ಮರಳ ದಿಬ್ಬದ ಮೇಲೆ ಧಣಿಯ ಹೊಸ ದೋಣಿ ಬಣ್ಣವೂ ಮಾಸದೆ ನಿಂತಿತ್ತು. ಅಣ್ಣನನ್ನು ಕಳಿಸಿದ ದಿನವೇ ಅದನ್ನು ಮೇಲೆಳೆಸಿ, ಹಗ್ಗ ಬಿಗಿಸಿ ಭದ್ರ ಮಾಡಿಕೊಂಡಿದ್ದ.

ಕೊಡಲಿ ಅವಳಿಗೆ ಎಲ್ಲಿ ಸಿಕ್ಕಿತೋ ಕಾಣೆ. ಮೊದಲ ಏಟಿಗೇ ಹಲಗೆ ಸೀಳಿತು. ಧಣಿ ಅತ್ತ ಓಡಿದ.

"ಏ ರಂಡೆ, ಅದು ಹೊಸದು ಕಣೇ."

"ನನ್ನ ಗಂಡನೂ ಹಳಬನಾಗಿರ್ಲಿಲ್ಲ."

ಅವನು ಅವಳ ಜುಟ್ಟಿಗೆ ಕೈ ಹಾಕುವಷ್ಟರಲ್ಲಿ ಹೆಂಗಸರೆಲ್ಲ ಮೇಲೆ ಬಿದ್ದು ಅವನನ್ನು ಮರಳಿಗೆ ಕೆಡವಿದೆವು. ಅಣ್ಣನ ಜೊತೆ ಹೋದ ಮಗನನ್ನು ಕಳೆದುಕೊಂಡ ಮುದುಕಿ ಅವನ ಎದೆಯ ಮೇಲೇರಿ ಕೂತಳು. ನಾನು ಅವನ ಕಾಲು ಅದುಮಿ ಹಿಡಿದೆ. ಅವನು ಒದರಿದಷ್ಟೂ ನನಗೆ ಹಿತವಾಗುತ್ತಿತ್ತು.

ಸಾಹೇಬನ ಪೆನ್ನು ನಿಂತಿತ್ತು.

"ಬರ್ಕೋ," ಎಂದಳು ಅತ್ತಿಗೆ. "ಇದನ್ನ ಯಾರೂ ಕದ್ದಿಲ್ಲ. ನಾನೇ ಒಡೆದದ್ದು."

ಮತ್ತೆ ಕೊಡಲಿ ಎತ್ತಿದಳು.