ತೋನ್ಯಾಳ ಲಂಗಕ್ಕೆ ಬಿದ್ದ ಕತ್ತರಿ

ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರಿಯರು ಕಡಿಮೆ, ಲಂಗಗಳೇ ಜಾಸ್ತಿ.

ಒಂದು ಕಾಲದಲ್ಲಿ ಕುಣಿಯುವ ಹೆಂಗಸರು ನೆಲ ಗುಡಿಸುವಷ್ಟು ಉದ್ದದ, ಒಳಗೆ ಬೆತ್ತದ ಬಳೆ ಕೂಡಿಸಿದ ಲಂಗ ತೊಡುತ್ತಿದ್ದರಂತೆ. ಅವರಲ್ಲೊಬ್ಬಳ ಪಾದಗಳು ಹಾರುವಾಗ ಹಕ್ಕಿಯ ರೆಕ್ಕೆಯ ಹಾಗೆ ಒಂದಕ್ಕೊಂದು ತಾಗುತ್ತಿದ್ದವಂತೆ. ಏನು ಬಂತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವಳು ಒಂದು ದಿನ ಅಂಚನ್ನು ಕಣಕಾಲಿನ ಮೇಲಕ್ಕೆ ಏರಿಸಿಬಿಟ್ಟಳು. ಊರಿಗೂರೇ ಬೆಂಕಿ ಬಿದ್ದವರ ಹಾಗೆ ಕೂಗಾಡಿತು. ಆಮೇಲೆ ಬಂದದ್ದು ಅಜ್ಜಿಯ ಕಾಲ. ಮಂಜಿನಂಥ ಬಿಳಿ ಬಟ್ಟೆ, ಪದರದ ಮೇಲೆ ಪದರ, ಗಂಟೆಯ ಆಕಾರ. "ಆ ಬಟ್ಟೆ ನೇಯ್ದವರು ಯಾರು ಗೊತ್ತೇನೇ ಗ್ಲಾಶಾ? ಚಂದ್ರನ ಸೊಸೆಯಂದಿರು. ಬೆಳಗಿನ ಜಾವ ನೆವಾ ನದಿ ಮೇಲೆ ಕೂತು ನೇಯ್ತಾರೆ" ಅನ್ನುತ್ತಿದ್ದಳು. ನಾನು ಪೂರಾ ನಂಬಿದ್ದೆ. ಈಗ ರಂಗಮಂದಿರದ ಹೊಲಿಗೆ ಕೋಣೆಯಲ್ಲಿ ಅದೇ ಬಟ್ಟೆಗೆ ಗಂಜಿ ಹಾಕಿ ಹಾಕಿ ಬೆರಳು ಬಿರಿದಿದ್ದರೂ ಅರ್ಧ ನಂಬುತ್ತೇನೆ.

ಅಜ್ಜಿ ತಾನೂ ಇದೇ ರಂಗಮಂದಿರದಲ್ಲಿ ಕುಣಿದವಳು. ಆದರೆ ನೀರಿನ ಪಕ್ಕದಲ್ಲಿ. ಹಾಗಂದರೆ ತೀರ ಹಿಂದಿನ ಸಾಲು. ಪರದೆಯ ಮೇಲೆ ಬರೆದ ಕೊಳಕ್ಕೆ ಬೆನ್ನು ತಾಗಿಸಿ ನಿಲ್ಲುವವರನ್ನು ನಮ್ಮಲ್ಲಿ ಹಾಗೇ ಕರೆಯುವುದು. ನನ್ನ ಅಕ್ಕ ತೋನ್ಯಾ ಕೂಡ ಶಾಲೆ ಮುಗಿಸಿದಾಗಿನಿಂದ ಅಲ್ಲೇ ನಿಂತಿದ್ದಳು, ಒಂದು ಕೈ ಮೇಲೆತ್ತಿಕೊಂಡು, ಬಳ್ಳಿಯ ಪಾತ್ರದಲ್ಲಿ.

ಆ ಚಳಿಗಾಲ ಇಟಲಿಯಿಂದ ಅತಿಥಿ ನರ್ತಕಿ ಫಿಯೊರೆಂಜಾ ಬಂದಳು. ಮೊದಲ ದಿನದ ತಾಲೀಮಿಗೆ ಅವಳು ತೊಟ್ಟು ಬಂದ ಟುಟು ಅನ್ನುವ ಗಿಡ್ಡ ಲಂಗ ನೋಡಿ ಹೊಲಿಗೆ ಕೋಣೆಯ ನಾವೆಲ್ಲ ಬಾಗಿಲ ಸಂದಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದೆವು. ಲಂಗ ಮೊಣಕಾಲಿನ ಮೇಲೆಯೇ ಮುಗಿದುಹೋಗಿತ್ತು! ಅವಳು ಒಂಟಿ ಕಾಲಿನ ತುದಿಯ ಮೇಲೆ ಗಿರಗಿರನೆ ತಿರುಗಿದಳು, ತಿರುಗುತ್ತಲೇ ಇದ್ದಳು. ಲಂಗ ಸೊಂಟದ ಸುತ್ತ ಚಂದ್ರನ ಪರಿವೇಷದ ಹಾಗೆ ನಿಂತಿತ್ತು. ಮನೆಗೆ ಓಡಿ ಅಜ್ಜಿಗೆ ಹೇಳಿದೆ.

"ಅದೂ ಒಂದು ಲಂಗವೇನೇ? ದೀಪದ ಮುಚ್ಚಳ!" ಅಂದಳು ಅಜ್ಜಿ. "ಅವಳವ್ವನಿಗೆ ಬಟ್ಟೆ ಸಾಲಲಿಲ್ವೋ ಏನೋ, ಪಾಪ."

ತೋನ್ಯಾ ಮಾತ್ರ ಅಡುಗೆಮನೆಯಲ್ಲಿ ಒಲೆಗೂ ಚಹಾ ಕಾಯಿಸುವ ಸಮೋವಾರಿಗೂ ನಡುವೆ, ಒಳಲಂಗವನ್ನು ಎತ್ತಿ ಕಟ್ಟಿಕೊಂಡು, ಫಿಯೊರೆಂಜಾ ತಿರುಗಿದ ಹಾಗೇ ತಿರುಗತೊಡಗಿದಳು. ದಿನಾ. ನೋಡುತ್ತ ಕೂತ ಬೆಕ್ಕಿಗೆ ತಲೆ ಸುತ್ತಬೇಕು, ಹಾಗೆ. ಆದರೆ ರಂಗಮಂದಿರದ ಉದ್ದ ಲಂಗ ತೊಟ್ಟರೆ ಆಗುತ್ತಿರಲಿಲ್ಲ. ಅವಳು ತಿರುಗಿದ ಮೇಲೆ ಬಟ್ಟೆ ಹಿಂದಿನಿಂದ ಬಂದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು, ಅವಳು ನಿಂತ ಮೇಲೂ ಬಟ್ಟೆ ನಿಲ್ಲದೆ ಅವಳನ್ನು ಪಕ್ಕಕ್ಕೆ ಎಳೆಯುತ್ತಿತ್ತು.

"ಕಾಲಿಗೆ ಮಗು ಸುತ್ತಿಕೊಂಡ ಹಾಗಾಗುತ್ತೆ ಕಣೇ ಗ್ಲಾಶಾ" ಎಂದು ಅತ್ತಳು.

ಬ್ಯಾಲೆಯ ಮೇಲ್ವಿಚಾರಕ ಪ್ಲಾತೋನ್ ಇಲ್ಯಿಚ್ ಹತ್ತಿರ ನಾನೇ ಹೋಗಿ ಒಂದು ಗೇಣಾದರೂ ಕತ್ತರಿಸಬಹುದೇ ಎಂದು ಕೇಳಿದ್ದೆ. ಅವರು ಮೀಸೆ ತೀಡಿಕೊಂಡರು. "ಅತಿಥಿ ಅಂದ್ರೆ ಅತಿಥಿ, ಅವಳ ಮೊಣಕಾಲು ಅವಳಿಷ್ಟ. ನಮ್ಮ ಹುಡುಗಿಯರದ್ದು ಮುಚ್ಚಿರಬೇಕು. ಮುಂದಿನ ಸಾಲಲ್ಲಿ ಕೂರೋ ಬೋಳುತಲೆಯವರಿಗೆ ಈಗಲೇ ದುರ್ಬೀನು ಸಾಲ್ತಿಲ್ಲ, ತಾಯಿ!"

ಆಗ ದೇವರು ಹಿಮದ ಮೇಲೆ ಕೈಯಾಡಿಸಿದ. ಪ್ರದರ್ಶನದ ದಿನವೇ ಫಿಯೊರೆಂಜಾ ಜಾರುಬಂಡಿಯಿಂದ ಇಳಿಯುವಾಗ ಜಾರಿದಳು. ಅವಳ ಕಾಲು ಊದಿ ಎಲೆಕೋಸಿನಂತಾಯಿತು. ಟಿಕೆಟ್ಟೆಲ್ಲ ಹೋಗಿಬಿಟ್ಟಿದ್ದವು. ಅವಳ ಗಿರಕಿ ಬಲ್ಲವಳು ಇಡೀ ತಂಡದಲ್ಲಿ ಒಬ್ಬಳೇ ಎಂದು ನಾನೇ ಓಡಿಹೋಗಿ ಹೇಳಿದೆ.

ಪ್ಲಾತೋನ್ ಇಲ್ಯಿಚ್ ತೋನ್ಯಾಳ ಮುಂದೆ ಬೆರಳು ನಿಲ್ಲಿಸಿದರು. "ಇವತ್ತು ಒಂದೇ ಸಲ. ನಿಂತ್ಯೋ, ನಿನ್ನ ಅದೃಷ್ಟ. ಬಿದ್ಯೋ, ವಾಪಸ್ ನೀರಿನ ಪಕ್ಕ. ಪಿಂಚಣಿ ಬರೋವರೆಗೂ ಬಳ್ಳಿ."

"ನಿಲ್ತೀನಿ ಸ್ವಾಮಿ" ಅಂದಳು ಅಕ್ಕ.

ಸಂಜೆ ನಾನು ಅವಳಿಗೆ ಕುಪ್ಪಸ ಹಾಕಿ, ಬೆನ್ನ ಹಿಂದೆ ದಾರದಿಂದಲೇ ಹೊಲಿದು ಮುಚ್ಚಿದೆ. ಇನ್ನು ಆಟ ಮುಗಿಯುವ ತನಕ ಬಿಚ್ಚುವ ಹಾಗಿಲ್ಲ. ಲಂಗ ಗರಿಗರಿಯಾಗಿ ಮೊಣಕಾಲಿನ ಕೆಳಗಿನವರೆಗೂ ಅರಳಿಕೊಂಡಿತು. ಲಂಗ ತೊಟ್ಟ ಮೇಲೆ ನಮ್ಮಲ್ಲಿ ಯಾರೂ ಕೂರುವುದಿಲ್ಲ. ಚಹಾ ಕೂಡ ಕುದುರೆಗಳ ಹಾಗೆ ನಿಂತೇ ಕುಡಿಯುತ್ತಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅಷ್ಟರಲ್ಲಿ ಅಜ್ಜಿ ಬಂದಳು. ಶಾಲಿನ ತುಂಬಾ ಹಿಮ, ಕಂಕುಳಲ್ಲಿ ಎಲೆಕೋಸು ತುಂಬಿದ ಪಿರೋಗ್ ಕಡುಬಿನ ಗಂಟು. ತೋನ್ಯಾಳ ಮೇಲೆ ಶಿಲುಬೆಯ ಗುರುತೆಳೆದಳು. ದೃಷ್ಟಿ ತಾಗದಿರಲೆಂದು ಎಡ ಹೆಗಲಾಚೆ ಮೂರು ಸಲ ಉಗಿದಳು. ಆಮೇಲೆ, "ಸರಿ, ಎಲ್ಲ ಕೂರಿ. ದೂರದ ದಾರಿ ಹೊರಟವರು ಒಂದು ಗಳಿಗೆ ಕೂರದೆ ಎದ್ದು ಹೋಗ್ತಾರೇನು?" ಅಂದಳು.

"ಅಜ್ಜೀ, ವೇದಿಕೆ ಆ ಬಾಗಿಲಾಚೆ ಇದೆ. ಅದೆಂಥ ದೂರ?" ಅಂದಳು ತೋನ್ಯಾ.

"ನೀರಿನ ಪಕ್ಕದಿಂದ ದೀಪಗಳ ಹತ್ರಕ್ಕೆ. ನನ್ನ ಜೀವಮಾನ ಪೂರ್ತಿ ನಡೆದರೂ ಮುಗೀಲಿಲ್ಲ ಕಣೇ ಆ ದಾರಿ. ಕೂತ್ಕೋ."

ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಹಳ್ಳಿಗೆ ಹೊರಟಾಗ, ತೋನ್ಯಾಳನ್ನು ನೃತ್ಯಶಾಲೆಗೆ ಬಿಡಲು ಹೊರಟಾಗ, ಅಪ್ಪ ಸೇನೆಗೆ ಹೊರಟಾಗ, ಅಜ್ಜಿ ಕೂರಿ ಅಂದರೆ ನಾವು ಕೂರುತ್ತಿದ್ದೆವು. ಬುದ್ಧಿ ಎಚ್ಚರಗೊಳ್ಳುವ ಮೊದಲೇ ಮೊಣಕಾಲು ಮಡಚಿಕೊಳ್ಳುತ್ತಿತ್ತು. ಮೂವರೂ ಕೂತೆವು. ಅಜ್ಜಿ ಕುರ್ಚಿಯಲ್ಲಿ, ನಾನು ನೆಲದಲ್ಲಿ, ತೋನ್ಯಾ ಬಟ್ಟೆಪೆಟ್ಟಿಗೆಯ ಮೇಲೆ. ಕಣ್ಣು ಮುಚ್ಚಿದೆವು. ಎಷ್ಟು ನೆಮ್ಮದಿಯಾಗಿತ್ತು!

ಚರಕ್!

ಮಾರ್ಚ್ ತಿಂಗಳಲ್ಲಿ ನದಿಯ ತೆಳು ಮಂಜುಗಡ್ಡೆ ಬಿರಿದ ಹಾಗೆ. ತೋನ್ಯಾ ಹಾವು ತುಳಿದವಳಂತೆ ನೆಗೆದಳು. ಸೊಂಟದ ಬಳಿಯ ನೆರಿಗೆಗಳು ನೆಟ್ಟಗೇ ಇದ್ದವು, ಆದರೆ ಪೆಟ್ಟಿಗೆಯ ಅಂಚಿಗೆ ಸಿಕ್ಕ ಕೆಳಭಾಗವೆಲ್ಲ ಗಂಜಿಯ ಬಿಗಿ ಮುರಿದು, ಒದ್ದೆ ಕೋಳಿಯ ಬಾಲದ ಹಾಗೆ ಜೋತಾಡುತ್ತಿತ್ತು.

"ಅಯ್ಯೋ ದೇವರೇ!" ಅಜ್ಜಿ ಬಾಯಿಗೆ ಶಾಲಿನ ಅಂಚು ತುರುಕಿದಳು. "ನನ್ನ ನಾಲಿಗೆಗೆ ಹುಳ ಬೀಳ! ನಾನೇ ಕುಣಿದವಳು, ನಾನೇ ಕೂರಿಸಿದೆನಲ್ಲೇ!"

ಗಂಜಿ ಹಾಕಿದರೆ ಒಣಗಲು ನಾಳೆಯಾಗುತ್ತದೆ. ಫಿಯೊರೆಂಜಾಳ ಟುಟುಗಳು ಅವಳ ಹೋಟೆಲಿನ ಪೆಟ್ಟಿಗೆಯಲ್ಲಿ ಬೀಗದೊಳಗಿದ್ದವು. ಹೊರಗೆ ಮೊದಲ ಗಂಟೆ ಬಾರಿಸಿತು. ತೋನ್ಯಾ ಅಳಲೂ ಮರೆತು ನನ್ನನ್ನೇ ನೋಡಿದಳು. ನಾನು ಅಜ್ಜಿಯನ್ನು ನೋಡಿದೆ.

ಅಜ್ಜಿ ಆ ಜೋತುಬಿದ್ದ ಅಂಚನ್ನು ಕೈಯಲ್ಲಿ ಹಿಡಿದು, ಮೇಲಕ್ಕೆ ಮಡಚಿ ನೋಡಿದಳು. ಇನ್ನೂ ಸ್ವಲ್ಪ ಮಡಚಿದಳು. ಅಕ್ಕನ ಮೊಣಕಾಲು ಕಂಡಿತು, ಅದರ ಮೇಲೆ ಬಿಲ್ಲಿನ ಹಾಗೆ ಬಿಗಿದ ತೊಡೆ.

"ಗ್ಲಾಶಾ, ಕತ್ತರಿ ಕೊಡು."

"ಅಜ್ಜೀ! ದೀಪದ ಮುಚ್ಚಳ ಅಂತಿದ್ಯಲ್ಲ?"

"ದೀಪ ಇದ್ದರೆ ಮುಚ್ಚಳ ತಾನೆ? ಕೊಡೇ ಇಲ್ಲಿ, ಹಲ್ಲು ಕಿರೀಬೇಡ." ಅವಳು ಕತ್ತರಿ ಕಿತ್ತುಕೊಂಡಳು. "ನನಗೂ ಒಳ್ಳೇ ಕಾಲಿದ್ದವು ಕಣೇ ತೋನ್ಯಾ. ಇದೇ ಬಟ್ಟೆಯೊಳಗೆ ಇದ್ದೂ ಇದ್ದೂ ಮುದಿಯಾದವು. ಒಬ್ಬರೂ ನೋಡಲಿಲ್ಲ."

ಅವಳು ಬಲದಿಂದ, ನಾನು ಇನ್ನೊಂದು ಕತ್ತರಿ ಹಿಡಿದು ಎಡದಿಂದ. ಕರಕರ ಕರಕರ! ಚಂದ್ರನ ಸೊಸೆಯಂದಿರು ನೇಯ್ದದ್ದೆಲ್ಲ ನಮ್ಮ ಪಾದದ ಬಳಿ ಹಿಮದಂತೆ ಬಿತ್ತು. ಎರಡನೇ ಗಂಟೆ. ಮೂರನೆಯದು. ಬಾಗಿಲು ದೂಡಿಕೊಂಡು ಬಂದ ಪ್ಲಾತೋನ್ ಇಲ್ಯಿಚ್ ಲಂಗ ನೋಡಿ ಎರಡೂ ಕೈ ಚಾಚಿ ಅಡ್ಡ ನಿಂತರು. ತೋನ್ಯಾ ಅವರ ತೋಳಿನ ಕೆಳಗೇ ನುಸುಳಿ ಓಡಿದಳು.

ನಾವು ಪಕ್ಕದ ಪರದೆಯ ಮರೆಯಿಂದ ನೋಡಿದೆವು. ಅವಳು ಬೆಳಕಿಗೆ ಬಂದ ಕೂಡಲೇ ಇಡೀ ಸಭಾಂಗಣ ಉಸಿರೆಳೆದುಕೊಂಡಿತು. ಮುಂದಿನ ಸಾಲಿನ ದುರ್ಬೀನುಗಳೆಲ್ಲ ಒಟ್ಟಿಗೆ ಎದ್ದವು. ಯಾರೋ ಹೆಂಗಸು "ಛೀ" ಅಂದದ್ದೂ ಕೇಳಿಸಿತು. ತೋನ್ಯಾ ಹಿಂದೆ ನಿಂತಿದ್ದ ಬಳ್ಳಿಗಳನ್ನೂ ಬರೆದ ಕೊಳವನ್ನೂ ಒಮ್ಮೆ ನೋಡಿದಳು. ತುದಿಗಾಲಿನ ಮೇಲೆ ಎದ್ದಳು. ತಿರುಗಿದಳು.

ಲಂಗ ಅವಳ ಜೊತೆಗೇ ತಿರುಗಿತು! ಹಿಂದುಳಿಯಲಿಲ್ಲ, ಸುತ್ತಿಕೊಳ್ಳಲಿಲ್ಲ. ಸೊಂಟದ ಸುತ್ತ ಬಿಳಿ ಬೆಳಕಿನ ಬಳೆಯಾಗಿ ನಿಂತಿತು. ಅದರ ಕೆಳಗೆ ನಮ್ಮ ಅಡುಗೆಮನೆಯ ಆ ಕಾಲುಗಳು, ಒಲೆಯ ಮುಂದೆ ಬೆವರಿದ ಕಾಲುಗಳು, ಎಲ್ಲರೆದುರು. ಮತ್ತೆ ತಿರುಗಿದಳು, ಮತ್ತೆ, ಮತ್ತೆ. ಅಜ್ಜಿ ನನ್ನ ಕೈಯನ್ನು ಹಿಂಡುತ್ತಿದ್ದಳು. ಸಂಗೀತ ನಿಂತಿತು. ತೋನ್ಯಾ ನಿಂತಳು, ಗೂಟ ಹೊಡೆದ ಹಾಗೆ.

ಮೊದಲು ಚಪ್ಪಾಳೆ ಬಿದ್ದದ್ದು ತೀರ ಮೇಲಿನ ಅಗ್ಗದ ಅಟ್ಟದಿಂದ, ನಾವು ಸ್ವರ್ಗ ಅನ್ನುವ ಕಡೆಯಿಂದ. ವಿದ್ಯಾರ್ಥಿಗಳು ಕಟಕಟೆ ಬಡಿದು ಕೂಗಿದರು. ಆಮೇಲೆ ಬೋಳುತಲೆಗಳೂ ಎದ್ದು ನಿಂತವು. ಛಾವಣಿ ಹಾರಿಹೋಗುತ್ತದೆ ಅಂದುಕೊಂಡೆ!

ಪರದೆ ಬಿದ್ದ ಮೇಲೆ ಪ್ಲಾತೋನ್ ಇಲ್ಯಿಚ್ ನಮ್ಮೆದುರು ಬಂದು ನಿಂತರು. "ಕತ್ತರಿಸಿದವರು ಯಾರು?"

"ನಾನು" ಅಂದಳು ಅಜ್ಜಿ. "ಜೈಲಿಗೆ ಹಾಕೋದಾದ್ರೆ ಪಿರೋಗಿನ ಗಂಟು ತಗೊಂಡು ಬರ್ತೀನಿ, ತಡೀರಿ."

ಅವರು ತೋನ್ಯಾಳ ಸುತ್ತ ಒಂದು ಸುತ್ತು ಹಾಕಿದರು. ಬಗ್ಗಿ ನೋಡಿದರು. "ಎಡಗಡೆ ಸೊಟ್ಟ ಇದೆ, ಪೆಲಗೇಯಾ ಸಾವಿಷ್ನಾ. ಭಾನುವಾರದ ಆಟಕ್ಕೆ ಸರಿ ಮಾಡಿಸಿ" ಎಂದು ಅಜ್ಜಿಗೆ ಹೇಳಿ, ಮೀಸೆಯೊಳಗೇ ನಕ್ಕು ಹೊರಟುಹೋದರು.

ಭಾನುವಾರದ ಆಟ! ಅಕ್ಕ ನನ್ನ ಕುತ್ತಿಗೆಗೆ ಜೋತುಬಿದ್ದಳು. ಬಳ್ಳಿಯ ವೇಷದ ಹುಡುಗಿಯರು ಆಗಲೇ ನಮ್ಮ ಕೋಣೆಯ ಬಾಗಿಲಲ್ಲಿ ಕಿಕ್ಕಿರಿದಿದ್ದರು. "ಗ್ಲಾಶಾ, ನಂದೂ ಕಣೇ, ಎರಡೇ ಬೆರಳು! ಯಾರಿಗೂ ಗೊತ್ತಾಗಲ್ಲ!"

"ಎಡಗಡೆ ಸೊಟ್ಟ ಇದೆಯಂತೆ" ಎಂದು ಅಜ್ಜಿ ನನ್ನತ್ತ ತಿರುಗಿ ಗೊಣಗಿದಳು. "ಎಡಗಡೆ ಕತ್ತರಿಸಿದ್ದು ನೀನು." ಆಮೇಲೆ ಪಿರೋಗಿನ ಗಂಟು ಬಿಚ್ಚಿ, ಬಟ್ಟೆಪೆಟ್ಟಿಗೆಯ ಮೇಲೆ ತಾನೇ ಧೊಪ್ಪನೆ ಕೂತಳು. "ನೀನು ನಿಂತ್ಕೊಂಡೇ ತಿನ್ನು ತೋನ್ಯಾ."

ತೋನ್ಯಾ ನಿಂತುಕೊಂಡೇ ತಿಂದಳು.