ಕಿಂಡಿಗೆ ಹೊಲಿದ ದಿಂಬು

ಮೇಲೆ ಹೋಗಬೇಕಿದ್ದ ಹೊಗೆ ಕೆಳಗೆ ಬಂತು.

ಫಿಟ್ಟರ್ ಏಣಿಯ ಮೇಲೆ ನಿಂತು, ಹೊಗೆಯಾಡುವ ಹತ್ತಿ ನೂಲನ್ನು ಹೀಟರಿನ ಹಿಂದೆ, ಹೊಗೆ ಕೊಳವೆ ಶುರುವಾಗುವ ಜಾಗದಲ್ಲಿ ಇನ್ನೊಮ್ಮೆ ಹಿಡಿದ. ನೂಲಿನ ಹೊಗೆ ಕೊಳವೆಯ ಕಡೆ ತಿರುಗಲಿಲ್ಲ. ಒಂದು ಕ್ಷಣ ತಡವರಿಸಿ ಅವನ ಮುಖಕ್ಕೇ ಬಂತು. ಕೂಡಲೇ ಕೈಚಾಚಿ ಗ್ಯಾಸಿನ ವಾಲ್ವ್ ತಿರುಗಿಸಿದ. ಚಾವಣಿಗೆ ತೂಗುಹಾಕಿದ್ದ ಹೊಸ ಹೀಟರು ನಿಟ್ಟುಸಿರಿಟ್ಟು ಆರಿತು.

ಬೆಳಿಗ್ಗೆ ಇದೇ ನೂಲಿನ ಹೊಗೆ ಕರೆದವರ ಮನೆಗೆ ಹೋಗುವಂತೆ ಸರಸರನೆ ಕೊಳವೆಯೊಳಗೆ ಹೋಗಿತ್ತು. ಆಗ ಸಾಮಾನು ತರಲೆಂದು ಹೊಲಿಗೆ ಶೆಡ್ಡಿನ ದೊಡ್ಡ ಬಾಗಿಲು ತೆರೆದಿತ್ತು. ಬಾಗಿಲು ತೆರೆದಿದ್ದಾಗ ಎಲ್ಲ ಹೀಟರೂ ಸಾಧುಪ್ರಾಣಿಯೇ, ಅದರ ನಿಜಗುಣ ತಿಳಿಯುವುದು ಬಾಗಿಲು ಹಾಕಿದ ಮೇಲೆ. ಅದಕ್ಕೇ ಅವನು ಈಗ ಎಲ್ಲ ಬಾಗಿಲು ಹಾಕಿಸಿ, ಇಸ್ತ್ರಿ ವಿಭಾಗದ ಗಾಳಿ ಹೊರದಬ್ಬುವ ಫ್ಯಾನುಗಳನ್ನೆಲ್ಲ ಓಡಿಸಿ ನೋಡುತ್ತಿದ್ದ. ಫ್ಯಾನುಗಳು ಗಾಳಿ ಎಳೆಯುತ್ತವೆ ಸರಿ. ಆದರೆ ಅಷ್ಟೇ ಗಾಳಿ ಹೊರಗಿನಿಂದ ಬರಲೆಂದು ನಿನ್ನೆ ತಾನೇ ಗೋಡೆಯಲ್ಲಿ ಕಿಂಡಿ ಕೊರೆದಿದ್ದನಲ್ಲ?

ಇಳಿದು ಕೊನೆಯ ಸಾಲಿನ ಯಂತ್ರದ ಹಿಂದೆ ಬಗ್ಗಿದ. ಕಿಂಡಿಯಲ್ಲಿ ಒಂದು ದಿಂಬು ಕೂತಿತ್ತು.

ಚಿಂದಿ ತುರುಕಿದ್ದರೆ ಬೈಯಬಹುದಿತ್ತು. ಇದು ನೀಲಿ ಬಟ್ಟೆಯಲ್ಲಿ ಅಳತೆ ಹಿಡಿದು ಹೊಲಿದ ದಿಂಬು. ಅಂಚಿಗೆ ಇಮ್ಮಡಿ ಹೊಲಿಗೆ, ಚೂಪಾಗಿ ತಿರುವಿದ ಮೂಲೆಗಳು. ಉಗುರು ತೂರಲೂ ಸಂದಿಲ್ಲ. ಆ ಮೂಲೆಗಳು ಯಾರ ಕೈಕೆಲಸವೆಂದು ಅವನಿಗೆ ಗೊತ್ತಿತ್ತು. ಅವನ ಶಾಲೆಯ ಅಂಗಿಗಳ ಕಾಲರಿಗೂ ಅದೇ ಮೂಲೆ ಇರುತ್ತಿತ್ತು.

"ಅಕ್ಕಾ!"

ಶೆಡ್ಡಿನ ಮೇಲ್ವಿಚಾರಕಿಯಾದ ಅಕ್ಕ, ಕೊರಳಲ್ಲಿ ಅಳತೆಪಟ್ಟಿ ತೂಗಿಸಿಕೊಂಡು ಬಂದಳು. ಈ ಕೆಲಸವನ್ನು ತಮ್ಮನಿಗೆ ಕೊಡಿಸಿದವಳು ಅವಳೇ. ನಾಳೆಯಿಂದ ಶೆಡ್ಡು ಬೆಚ್ಚಗಿರುತ್ತದೆಂದು ಹೊಲಿಯುವ ಹೆಂಗಸರಿಗೆ ಮಾತು ಕೊಟ್ಟವಳೂ ಅವಳೇ. ಚಳಿಗೆ ಬೆರಳು ಸೆಟೆದು ಸೂಜಿ ಚುಚ್ಚಿಸಿಕೊಂಡವರು, ನಾಳೆಯೂ ಹೀಗೇ ಇದ್ದರೆ ಬೇರೆ ಶೆಡ್ಡಿಗೆ ಹೋಗುತ್ತೇವೆ ಎಂದಿದ್ದರು.

"ಏನೋ ಗುಮ್ಮಾ, ಹಚ್ಚಿದೆ ಅನ್ನೋಷ್ಟರಲ್ಲಿ ಆರಿಸಿದೀಯ?"

ಅವನು ದಿಂಬನ್ನು ತೋರಿಸಿದ.

"ಅದಾ? ನೀನು ಕೊರೆದ ತೂತಿಂದ ಆ ಮೂಲೆಯವಳ ಕಾಲು ಮಂಜಾಗ್ತಿತ್ತು ಕಣೋ. ಬೆಚ್ಚಗೆ ಮಾಡು ಅಂತ ಕರೆಸಿದ್ರೆ ಗೋಡೇಲಿ ತೂತು ಮಾಡಿ ಹೋಗ್ತೀಯ. ಯಾವ ನ್ಯಾಯ?"

"ಬೆಂಕಿಗೂ ಉಸಿರು ಬೇಕಲ್ಲ ಅಕ್ಕ. ಗಾಳಿ ಸಿಗದೇ ಇದ್ರೆ ಹೊಗೆ ಕೊಳವೆ ಬಿಟ್ಟು ಒಳಗೇ ಬರುತ್ತೆ. ಅದರಲ್ಲಿರೋ ವಿಷಕ್ಕೆ ವಾಸನೆ ಇಲ್ಲ. ತಲೆನೋವು ಅಂತ ಮಲಗ್ತೀರಿ, ಏಳಲ್ಲ."

ಅಕ್ಕ ದಿಂಬನ್ನು ಕಿತ್ತಳು. ಅವನು ಮತ್ತೆ ಹೀಟರ್ ಹಚ್ಚಿ, ಸ್ವಲ್ಪ ಕಾದು, ನೂಲು ಹಿಡಿದ. ಹೊಗೆ ನೆಟ್ಟಗೆ ಕೊಳವೆಗೆ ಹೋಯಿತು.

"ಆಯ್ತಲ್ಲ! ಇನ್ನು ಮುಚ್ಚಲ್ಲ ಬಿಡು," ಎಂದಳು.

ಅವನು ಏಣಿಯ ಮೇಲೇ ನಿಂತಿದ್ದ. ಕೆಳಗೆ ಅಕ್ಕನ ನೆತ್ತಿ ಕಾಣುತ್ತಿತ್ತು, ಬೈತಲೆಯಲ್ಲಿ ಬೆಳ್ಳಗೆ ಒಂದೆರಡು ಎಳೆ. ಚಿಕ್ಕಂದಿನ ಬಾಡಿಗೆ ಕೋಣೆಯ ಕಿಟಕಿಗೆ ಒಂದು ಗಾಜು ಇರಲಿಲ್ಲ. ಅವನು ನಿದ್ದೆ ಹೋದನೆಂದು ತಿಳಿದು ಅವಳು ತನ್ನ ಹೊದಿಕೆಯನ್ನೇ ಮಡಿಸಿ ಆ ಜಾಗಕ್ಕೆ ತುರುಕುತ್ತಿದ್ದಳು. ಅವನು ಎಚ್ಚರವಾಗಿಯೇ ಇರುತ್ತಿದ್ದ. ಆ ಬಗ್ಗೆ ಇಬ್ಬರೂ ಎಂದೂ ಮಾತಾಡಿರಲಿಲ್ಲ. ಯಾರೋ ನಡುಗುತ್ತಿರುವಾಗ ತೂತನ್ನು ತೂತಾಗಿಯೇ ಬಿಡುವುದು ಈ ಹೆಂಗಸಿನಿಂದ ಆಗದ ಮಾತು.

ಅವನು ಗ್ಯಾಸ್ ನಿಲ್ಲಿಸಿದ. ಹೀಟರಿಗೆ ಬರುವ ಪೈಪನ್ನು ಬಿಚ್ಚಿ, ಅದರ ಬಾಯಿಗೆ ಮುಚ್ಚಳ ಹಾಕಿ ಬಿಗಿದ.

"ಏನು ಮಾಡ್ತಿದೀಯ?"

"ಇದು ಈ ಶೆಡ್ಡಿಗೆ ಆಗಲ್ಲ ಅಕ್ಕ. ಎರಡು ಪೈಪಿನ ಹೀಟರ್ ಅಂತ ಬರುತ್ತೆ. ಒಂದು ಹೊರಗಿಂದ ಬೆಂಕಿಗೆ ಗಾಳಿ ತರುತ್ತೆ, ಇನ್ನೊಂದು ಹೊಗೆ ಒಯ್ಯುತ್ತೆ. ಒಳಗಿನ ಗಾಳಿಯ ಗೊಡವೆಯೇ ಇಲ್ಲ. ಬದಲಾಯಿಸ್ತೀನಿ."

"ನಾಳೆ ಬೆಳಿಗ್ಗೆ ಒಳಗೆ?"

"ಇಲ್ಲ. ತರಿಸೋಕೆ ಕೆಲವು ದಿನ ಬೇಕು."

ಅಕ್ಕನ ಮುಖ ಇಸ್ತ್ರಿ ಹಾಕಿದಂತೆ ಸಪಾಟಾಯಿತು. ಬೈದಿದ್ದರೆ ಚೆನ್ನಾಗಿತ್ತು.

ಸದ್ದು ಕೇಳಿ ಆಫೀಸಿನಿಂದ ಯಜಮಾನರು ಬಂದರು. ಕಿಂಡಿ ತೆರೆದಿದ್ದರೆ ಹೀಟರು ಸರಿಯಾಗಿಯೇ ಇದೆಯೆಂದು ಅವನ ಬಾಯಿಂದಲೇ ಹೊರಡಿಸಿದರು. "ಮತ್ತೇನಪ್ಪ? ಮುಚ್ಚಬೇಡಿ ಅಂತ ಒಂದು ಬೋರ್ಡ್ ಬರೆಸಿ ಹಾಕ್ತೀನಿ. ಸಿಕ್ಕಿಸು ಪೈಪು."

"ಆಗಲ್ಲ ಸಾರ್."

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲಾ? ನಿನ್ನ ಬಿಟ್ರೆ ಊರಲ್ಲಿ ಫಿಟ್ಟರೇ ಇಲ್ವಾ?"

"ಇದಾರೆ ಸಾರ್. ಕರೆಸಿ. ಆದ್ರೆ ನಾನು ಹಾಕಿದ್ದನ್ನ ನಾನು ಇಳಿಸಿಕೊಂಡು ಹೋಗ್ತೀನಿ."

ಯಜಮಾನರು ಅಕ್ಕನ ಕಡೆ ತಿರುಗಿದರು. "ನಿಮ್ಮ ತಮ್ಮ ಅಂತ ಕೊಟ್ಟೆ ಕೆಲಸಾನ. ನೀವೇ ಹೇಳಿ. ಹಚ್ಚಿಸಲಾ, ಬೇಡ್ವಾ?"

ಶೆಡ್ಡಿನಲ್ಲಿ ಒಂದೊಂದಾಗಿ ಯಂತ್ರಗಳು ನಿಂತವು. ಹೆಂಗಸರೆಲ್ಲ ಅಕ್ಕನನ್ನೇ ನೋಡುತ್ತಿದ್ದರು. ಅವಳು ಕೈಯಲ್ಲಿದ್ದ ದಿಂಬಿನ ಅಂಚನ್ನು ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದಳು, ಹೊಲಿಗೆ ಎಲ್ಲಾದರೂ ಬಿಟ್ಟಿದೆಯೋ ಎಂದು ನೋಡುವಂತೆ. ಫಿಟ್ಟರ್ ಪೈಪಿನ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿದ. ಅವಳ ಮಾತನ್ನು ತಾನು ಆಡುವಂತಿರಲಿಲ್ಲ.

"ಮುಚ್ಚಲ್ಲ ಅಂತ ಈಗ ತಾನೇ ಇವನಿಗೆ ಹೇಳಿದೆ," ಎಂದಳು ಅಕ್ಕ ಕೊನೆಗೆ. "ಸುಳ್ಳು ಸಾರ್. ನಾಳೆ ಆ ಮೂಲೆಯವಳು ಕಾಲು ತಣ್ಣಗಾಯ್ತು ಅಂದ್ರೆ ಮತ್ತೆ ಮುಚ್ತೀನಿ. ನಿಮ್ಮ ಬೋರ್ಡನ್ನೇ ಕಿತ್ತು ಅದರಲ್ಲೇ ಮುಚ್ಚಿದ್ರೂ ಮುಚ್ಚಿಬಿಟ್ಟೇನು. ಇವನು ಹೇಳಿದ ಹಾಗೆ ಮಾಡಿ."

ಯಾರೋ ಕಿಸಕ್ಕೆಂದರು. ಅಕ್ಕ ನಗದೆ ಹೆಂಗಸರ ಕಡೆ ತಿರುಗಿದಳು. "ಕೊಟ್ಟ ಮಾತು ತಪ್ಪಿದೆ. ಹೋಗೋರು ಹೋಗಬಹುದು, ಬೇಜಾರಿಲ್ಲ."

ಯಜಮಾನರು ಗೊಣಗುತ್ತಲೇ ಎರಡು ಪೈಪಿನ ಹೀಟರಿಗೆ ಒಪ್ಪಿದರು. ಹೆಂಗಸರಲ್ಲಿ ಇಬ್ಬರು ಹೋದರು. ಉಳಿದವರು ಕೋಟಿನ ಮೇಲೆ ಶಾಲು ಹೊದ್ದು ಹೊಲಿದರು. ಅಕ್ಕ ಮನೆಯಲ್ಲಿ ಅನ್ನ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ತಮ್ಮ ಉಂಡು, ತಟ್ಟೆ ತೊಳೆದು, ಬೆಳಗಾದರೆ ಶೆಡ್ಡಿಗೆ ಹೋಗುತ್ತಿದ್ದ. ಹಳೆ ಕೊಳವೆಯ ತೂತು ಮುಚ್ಚಿದ. ಕಿಂಡಿಗೆ ಇಟ್ಟಿಗೆ ಕಟ್ಟಿದ. ಹೊಸ ಹೀಟರು ಬಂದ ಮೇಲೆ ಎರಡೂ ಪೈಪುಗಳನ್ನು ಗೋಡೆಯ ಎತ್ತರದಲ್ಲಿ ಹೊರಕ್ಕೆ ಹಾಯಿಸಿದ. ಬಿಟ್ಟ ಹೊಗೆಯನ್ನೇ ಬೆಂಕಿ ಮತ್ತೆ ಸೇದದಂತೆ ಒಂದರಿಂದ ಒಂದನ್ನು ದೂರವಿಟ್ಟ. ಯಾವ ಕಿಟಕಿಯ ಹತ್ತಿರವೂ ಬಾಯಿ ಬಾರದಂತೆ ನೋಡಿಕೊಂಡ. ಒಂದೊಂದು ಕೂಡುಜಾಗವನ್ನೂ ಬಿಗಿದು, ಬೆರಳಾಡಿಸಿ, ಮತ್ತೆ ಬಿಗಿದ. ಎತ್ತರದ ಕೆಲಸಕ್ಕೆಂದು ಕಟ್ಟಿದ ಅಟ್ಟಣಿಗೆಯ ಹಲಗೆ ಮೊಣಕಾಲಿಗೆ ಒತ್ತುತ್ತಿತ್ತು. ಎರಡನೆಯ ದಿನ ನೋಡಿದರೆ ಆ ಹಲಗೆಯ ಮೇಲೆ ನೀಲಿ ದಿಂಬು ಇತ್ತು.

ಹಚ್ಚುವ ದಿನ ಅವನು ವಿಷಗಾಳಿ ಅಳೆಯುವ ಮೀಟರನ್ನು ಮೂಲೆಯವಳ ಯಂತ್ರದ ಮೇಲಿಟ್ಟ. ಫ್ಯಾನುಗಳನ್ನೆಲ್ಲ ಹಾಕಿಸಿದ.

"ಅಕ್ಕ, ಈಗ ಮುಚ್ಚು."

"ಏನನ್ನ?"

"ಎಲ್ಲಾನೂ. ನಿನ್ನ ಕೈಲಿ ಎಷ್ಟಾಗುತ್ತೋ ಅಷ್ಟು."

ಅಕ್ಕ ಅವನನ್ನು ದಿಟ್ಟಿಸಿದಳು. ಆಮೇಲೆ ಚಪ್ಪಾಳೆ ತಟ್ಟಿದಳು. ಹೆಂಗಸರು ಎದ್ದರು. ಬಾಗಿಲ ಕೆಳಗೆ, ಕಿಟಕಿಯ ಚೌಕಟ್ಟಿನ ಸುತ್ತ, ಸಿಕ್ಕ ಸಿಕ್ಕ ಸಂದಿಗೆಲ್ಲ ಕತ್ತರಿಸಿ ಉಳಿದ ಬಟ್ಟೆ ತುರುಕಿದರು. ಹೊರಗಿನ ಬೀದಿಯ ಸದ್ದೂ ನಿಂತುಹೋಯಿತು. ಅವನು ಹೀಟರ್ ಹಚ್ಚಿದ.

ಶೆಡ್ಡಿಗೆ ಶೆಡ್ಡೇ ಮೀಟರಿನ ಮೇಲೆ ಬಗ್ಗಿ ಕಾಯಿತು. ಅಂಕಿ ಸೊನ್ನೆಯಲ್ಲಿತ್ತು. ಬಹಳ ಹೊತ್ತಾದರೂ ಸೊನ್ನೆಯಲ್ಲೇ ಇತ್ತು.

ಮೂಲೆಯವಳು ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದಳು. ಅಕ್ಕ ಮಾತ್ರ ಬಾಗಿಲ ಬಳಿ ಬಗ್ಗಿ, ಬಿಟ್ಟುಹೋಗಿದ್ದ ಒಂದು ಬೆರಳಗಲದ ಸಂದಿಗೆ ಇನ್ನೊಂದು ಚೂರು ಬಟ್ಟೆ ಒತ್ತಿದಳು.

"ಈಗ ನೋಡು," ಎಂದಳು.

ಅವನು ನೋಡಿದ. ಸೊನ್ನೆ.