ಅಡಿಗೆಮನೆಯಿಂದ ಪಡಸಾಲೆಗೆ

ಅಕ್ಕಿ ಗಿರಣಿಯ ಸದ್ದಿನಲ್ಲೇ ಆಯುಷ್ಯ ಸವೆಸಿದ ವಿರೂಪಾಕ್ಷಪ್ಪನವರ ಕಿವಿ ವರ್ಷವರ್ಷಕ್ಕೂ ಮಂದವಾಗುತ್ತ ಬಂದು, ಎಂಬತ್ತೆರಡನೇ ಇಸವಿಯ ಹೊತ್ತಿಗೆ ನ್ಯಾಮತಿಯ ಆ ಮನೆಯಲ್ಲಿ ಮಾತೆಂದರೆ ಕೂಗಾಟ ಎಂದಾಗಿತ್ತು. ರೇಡಿಯೊವನ್ನು ಪೂರ್ತಿ ಜೋರು ಮಾಡಿ ಕಿವಿಗೆ ಒತ್ತಿಕೊಂಡರೆ ಮಾತ್ರ ಅವರಿಗೆ ಮಾತು ತಿಳಿಯುತ್ತಿತ್ತು. ಹಾಗಾಗಿ ದಿನವಿಡೀ ಪಡಸಾಲೆಯಲ್ಲಿ ಅವರಿಗೆ ಅದೊಂದೇ ಜೊತೆ.

ಒಂದು ಮಧ್ಯಾಹ್ನ ಹೆಂಡತಿ ಸರ್ವಮಂಗಳಮ್ಮ ಎದುರಿಗೆ ನಿಂತು, "ರೀ, ಊಟಕ್ಕೆ ಏಳ್ರಿ!" ಎಂದು ಗಂಟಲು ಹರಿಯುವಂತೆ ಕೂಗಿದರು. ವಿರೂಪಾಕ್ಷಪ್ಪ ಮುಖ ಸಣ್ಣದು ಮಾಡಿಕೊಂಡು ಮಗಳ ಕಡೆ ತಿರುಗಿದರು.

"ನಿಮ್ಮವ್ವ ಯಾಕೆ ಬೈತಾಳೆ? ನಾನೇನು ಮಾಡೀನಿ?"

"ಬೈದಿಲ್ಲಪ್ಪಾ, ಊಟಕ್ಕೆ ಕರೆದ್ಲು!" ಶಾಂತಾದೇವಿಯೂ ಕೂಗಿಯೇ ಹೇಳಬೇಕಾಯಿತು. ಕೂಗುವಾಗ ತನ್ನ ಹುಬ್ಬೂ ಗಂಟಿಕ್ಕಿದ್ದು ಅವಳಿಗೆ ಗೊತ್ತಾಯಿತು.

ಅವಳು ದಾವಣಗೆರೆಯಲ್ಲಿ ರೇಡಿಯೊ ರಿಪೇರಿ ಕಲಿತು ಬಂದವಳು. ರೇಡಿಯೊದೊಳಗಿನ ಮಾತು ಅಪ್ಪನಿಗೆ ಕೇಳುತ್ತದೆ ಎಂದಮೇಲೆ, ನಮ್ಮ ಮಾತನ್ನೂ ಅದರೊಳಗೇ ಕಳಿಸಿದರೆ ಹೇಗೆ? ಗುಜರಿ ಅಂಗಡಿಯಿಂದ ಹಳೇ ಟೆಲಿಫೋನಿನ ಮೈಕು ತಂದಳು. ರಟ್ಟಿನ ಕೊಳವೆಗೆ ತಾಮ್ರದ ತಂತಿ ಸುತ್ತಿದಳು. ಕೆಟ್ಟ ರೇಡಿಯೊವೊಂದರಿಂದ ಬೇಕಾದ ಬಿಡಿಭಾಗ ಕಿತ್ತು ಬೆಸುಗೆ ಹಾಕಿ, ಟಾರ್ಚಿನ ಸೆಲ್ಲು ಜೋಡಿಸಿ, ಮೈಕಿನ ಮಾತನ್ನು ಗಾಳಿಯಲ್ಲೇ ರೇಡಿಯೊಗೆ ಕಳಿಸುವ ಪುಟ್ಟ ಯಂತ್ರ ಮಾಡಿದಳು. ಅಕ್ಕಪಕ್ಕದವರ ರೇಡಿಯೊಗೆ ತೊಂದರೆಯಾಗದಿರಲೆಂದು ಏರಿಯಲ್ ತಂತಿಯನ್ನು ಮೊಳದುದ್ದ ಮಾತ್ರ ಬಿಟ್ಟಳು.

ಮೊದಲ ಸಲ ಮೈಕಿನಲ್ಲಿ ಮಾತಾಡಿದಾಗ ಅಪ್ಪನ ರೇಡಿಯೊ ಬರೀ ಕುಯ್ಯೆಂದಿತು. "ಇವತ್ತು ಸ್ಟೇಷನ್ನೇ ಸರಿ ಇಲ್ಲ" ಎಂದು ಅಪ್ಪ ರೇಡಿಯೊದ ಬೆನ್ನಿಗೆ ಎರಡು ಬಡಿದರು. ಶಾಂತಾ ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಸುತ್ತಿದಳು.

ಕೊನೆಗೊಂದು ದಿನ ರೇಡಿಯೊದ ಮುಳ್ಳನ್ನು ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ, ಅಪ್ಪನ ಕಿವಿಗಿಟ್ಟು, ಅಡಿಗೆಮನೆಗೆ ಹೋಗಿ ಮೈಕು ಹಿಡಿದಳು.

"ಅಪ್ಪಾ, ನಾನು ಶಾಂತಾ. ಊಟಕ್ಕೆ ಬರ್ತೀಯೇನಪ್ಪಾ?"

ಪಡಸಾಲೆಯಿಂದ ಅಪ್ಪನ ದನಿ ಬಂತು. "ಇಷ್ಟು ಮೆತ್ತಗೆ ಮಾತಾಡ್ತೀಯಲ್ಲವ್ವಾ ನೀನು!"

ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡು ಮೈಕನ್ನು ಅವ್ವನ ಕೈಗಿಟ್ಟಳು. ಸರ್ವಮಂಗಳಮ್ಮ ನಾಚಿ ಕೆಂಪಾದರು. "ಏನು ಹೇಳ್ಲಿ ಇದರಾಗೆ? ನೀನು ಆಚೆ ಹೋಗು ಮೊದ್ಲು."

ಶಾಂತಾ ಪಡಸಾಲೆಗೆ ಬಂದಳು. "ರೀ, ನಾನು..." ಎಂದು ರೇಡಿಯೊ ಮನೆ ತುಂಬ ಕೇಳುವಂತೆ ನುಡಿಯಿತು. ವಿರೂಪಾಕ್ಷಪ್ಪ ಗಾಬರಿಯಿಂದ ಹೊದ್ದಿದ್ದ ಕಂಬಳಿಯನ್ನು ತಲೆ, ರೇಡಿಯೊ ಎಲ್ಲ ಮುಚ್ಚುವಂತೆ ಎಳೆದುಕೊಂಡು, ಒಳಗಿನಿಂದಲೇ ಮಗಳತ್ತ ಕೈ ಬೀಸಿದರು. "ಹಿತ್ತಲಾಗೆ ಏನಾರ ಕೆಲಸ ಇದ್ರೆ ನೋಡು, ಹೋಗವ್ವ."

ಅವಳು ನಗುತ್ತ ಹಿತ್ತಲಿಗೆ ಹೋಗಿ ಬಟ್ಟೆ ಹಿಂಡುತ್ತ ಕೂತಳು. ಒಳಗೆ ಸಾರು ಆರಿತು. ಬಹಳ ಹೊತ್ತಿನ ಮೇಲೆ ಸರ್ವಮಂಗಳಮ್ಮ ಬಾಗಿಲಿಗೆ ಬಂದು ನಿಂತರು.

"ಶಾಂತಾ, ಆ ಸೆಲ್ಲು ಎಷ್ಟು ದಿನ ಬರ್ತಾವೆ?"

"ಮುಗಿದ್ರೆ ಬೇರೆ ಹಾಕಿದ್ರಾತು ಬಿಡವ್ವಾ. ನೀನು ಮಾತಾಡು."